ಗೋದಾವರಿ ದಂಡೆಯ ಹಳೆಯ ಅಳುಕು

ಬರೋಡಾದಲ್ಲಿ ಒಂದು ಕಾಲಕ್ಕೆ ಜನ ಫೋಟೊ ತೆಗೆಸಿಕೊಳ್ಳಲು ಹೆದರುತ್ತಿದ್ದರು. ಕ್ಯಾಮೆರಾದ ಕಣ್ಣು ಮನುಷ್ಯನ ಕಸುವನ್ನು ಹೀರಿಬಿಡುತ್ತದೆ, ಅದರೆದುರು ಕೂತವನ ಆಯುಸ್ಸು ಕಡಿಮೆಯಾಗುತ್ತದೆ ಎಂಬ ಮಾತು ಊರಲ್ಲಿ ಹಬ್ಬಿತ್ತು. ಅಲ್ಲಿ ಫೋಟೊಗ್ರಫಿಯನ್ನೇ ನಂಬಿ ಬದುಕಲು ಹೊರಟ ಒಬ್ಬ ತರುಣನಿಗೆ ಈ ಮಾತಿನಿಂದಾಗಿ ವ್ಯಾಪಾರ ಕುದುರಲಿಲ್ಲ. ಆತ ನಾಸಿಕದ ಹತ್ತಿರದ ತ್ರ್ಯಂಬಕೇಶ್ವರದಲ್ಲಿ 1870ರ ಏಪ್ರಿಲ್ 30ರಂದು ಹುಟ್ಟಿದ ಧುಂಡಿರಾಜ ಗೋವಿಂದ ಫಾಲ್ಕೆ. ಮುಂದೆ ದೇಶವೆಲ್ಲ ದಾದಾಸಾಹೇಬ್ ಫಾಲ್ಕೆ ಎಂದು ಕರೆದದ್ದು ಈತನನ್ನೇ.

ಈ ಕಥೆ ಕೇಳಿ ನಮಗೆ ನಗು ಬರುತ್ತದೆ. ಆದರೆ ನಮ್ಮಲ್ಲಿ ಎಷ್ಟು ಜನರ ಫೋನಿನಲ್ಲಿ ಅರ್ಧ ಬರೆದ ಕವಿತೆಗಳು, ಯಾರಿಗೂ ತೋರಿಸದ ರೇಖಾಚಿತ್ರಗಳು, ಬಾತ್‌ರೂಮಿನಲ್ಲಿ ರೆಕಾರ್ಡ್ ಮಾಡಿಟ್ಟ ಹಾಡುಗಳು ಹಾಗೇ ಕೂತಿಲ್ಲ? 'ಹಾಕು' ಎಂದು ಯಾರಾದರೂ ಹೇಳಿದರೆ ನೂರೆಂಟು ನೆಪ ಹುಟ್ಟುತ್ತವೆ. ಇನ್ನೂ ತಿದ್ದಬೇಕು, ಆಫೀಸಿನವರು ನೋಡುತ್ತಾರೆ, ಯಾರೋ ಕದಿಯುತ್ತಾರೆ, ಯಾರೂ ನೋಡದಿದ್ದರೆ ಇನ್ನೂ ಅವಮಾನ. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ಯೂಟ್ಯೂಬುಗಳ ಮುಂದೆ ನಿಂತ ಬರಹಗಾರನಿಗೂ ಕಲಾವಿದನಿಗೂ ಆಗುವುದು ಆ ಬರೋಡಾದವರಿಗೆ ಆದದ್ದೇ. ಎದುರಿಗಿರುವ ಯಂತ್ರ ತನ್ನೊಳಗಿನ ಏನನ್ನೋ ಕಿತ್ತುಕೊಂಡುಬಿಡುತ್ತದೆ ಎನ್ನುವ ಅಳುಕು.

ಧಾರವಾಡದಲ್ಲೋ ಮೈಸೂರಿನಲ್ಲೋ ಇರುವವನಿಗೆ ಈ ಅಳುಕಿನಿಂದ ಹೆಚ್ಚು ನಷ್ಟವಿಲ್ಲ. ಜಾಲತಾಣ ಬೇಡವೆನಿಸಿದರೆ ಸಂಜೆ ಯಾರದೋ ಮನೆಯ ಅಟ್ಟದ ಮೇಲೆ ನಾಲ್ಕು ಜನ ಸೇರಿ ಓದಬಹುದು. ನಾಸಿಕ, ಸಂಭಾಜಿನಗರದಂಥ ಊರುಗಳಿಗೆ ಕೆಲಸಕ್ಕೆಂದು ಬಂದು ನೆಲೆಸಿದ ನಮಗೆ ಆ ಅಟ್ಟವಿಲ್ಲ. ಪಕ್ಕದ ಫ್ಲ್ಯಾಟಿನವರು ಒಳ್ಳೆಯವರೇ, ಹಬ್ಬಕ್ಕೆ ಪೂರಣಪೋಳಿ ಕಳಿಸುತ್ತಾರೆ, ಆದರೆ ನಮ್ಮ ಕನ್ನಡ ಪದ್ಯ ಅವರಿಗೆ ದಾಟದು. ನಮ್ಮ ಪಾಲಿಗೆ ಕನ್ನಡದ ಕಟ್ಟೆ ಎಂದರೆ ಅಂಗೈಯಲ್ಲಿರುವ ಆ ಪರದೆ ಮಾತ್ರ. ಅದಕ್ಕೂ ಹೆದರಿ ಹಿಂದೆ ಸರಿದರೆ ಬರೆದದ್ದು ಅಲ್ಲೇ ಉಳಿಯುತ್ತದೆ. ಹತ್ತು ವರ್ಷ ಯಾರಿಗೂ ತೋರಿಸದೆ ಬರೆಯುವವನ ಕನ್ನಡ ಮೆಲ್ಲಗೆ ಒಣಗುತ್ತದೆ. ಆ ಒಣಗುವಿಕೆಯನ್ನು ನಮ್ಮಲ್ಲಿ ಹಲವರು ಹತ್ತಿರದಿಂದ ಬಲ್ಲೆವು.

ಈ ಅಳುಕಿಗೆ ಮದ್ದು ಹುಡುಕುವಾಗ ನನಗೆ ಆಸಕ್ತಿ ಹುಟ್ಟಿಸಿದ್ದು ನಾವಿರುವ ಈ ಸೀಮೆಯೇ. ತ್ರ್ಯಂಬಕೇಶ್ವರದ ಬ್ರಹ್ಮಗಿರಿಯಲ್ಲಿ ಹುಟ್ಟಿ, ನಾಸಿಕವನ್ನು ಹಾದು, ಪೈಠಣಕ್ಕೆ ಇಳಿಯುವ ಗೋದಾವರಿಯ ದಂಡೆಯಲ್ಲಿ, ಅಲ್ಲಿಂದ ಕೊಂಚ ಬಡಗಲಿಗಿರುವ ಎಲ್ಲೋರಾ, ಅಜಂತಾಗಳಲ್ಲಿ, ಎರಡು ಸಾವಿರ ವರ್ಷಗಳಿಂದ ಜನ ತಮ್ಮ ಕೈಕೆಲಸವನ್ನು ಹತ್ತು ಜನರ ಮುಂದೆ ಇಟ್ಟಿದ್ದಾರೆ. ಹೊಸ ಭಾಷೆ, ಹೊಸ ಗೋಡೆ, ಹೊಸ ಯಂತ್ರ ಬಂದಾಗಲೆಲ್ಲ ಅಳುಕಿದ್ದಾರೆ. ಅವರು ಅಳುಕನ್ನು ದಾಟಿದ ಬಗೆಗಳು ನಮ್ಮ ಕಾಲಕ್ಕೂ ಉಪಯೋಗಕ್ಕೆ ಬರುವಂಥವು.

ಮೊದಲು ಫಾಲ್ಕೆಯವರ ಕಥೆಯನ್ನೇ ಮುಂದುವರಿಸುತ್ತೇನೆ. ಅವರು ಮುಂಬೈಯ ಜೆ.ಜೆ. ಕಲಾಶಾಲೆಯಲ್ಲೂ ಬರೋಡಾದ ಕಲಾಭವನದಲ್ಲೂ ಕಲಿತವರು. ಫೋಟೊಗ್ರಫಿ ಮಾಡಿದರು, ಪುರಾತತ್ವ ಇಲಾಖೆಯಲ್ಲಿ ಕೆಲಸ ಮಾಡಿದರು, ರಾಜಾ ರವಿವರ್ಮನ ಪ್ರೆಸ್ಸಿಗೆ ಮುದ್ರಣದ ಕೆಲಸ ಮಾಡಿಕೊಟ್ಟರು. ಆಮೇಲೆ ಪಾಲುದಾರರೊಂದಿಗೆ ಸ್ವಂತ ಮುದ್ರಣಾಲಯ ನಡೆಸಿ ಅದನ್ನೂ ಬಿಟ್ಟರು. ಏಸುವಿನ ಜೀವನದ ಕುರಿತ ಒಂದು ಮೂಕಿ ಚಿತ್ರವನ್ನು ಮುಂಬೈಯಲ್ಲಿ ನೋಡಿದ ಮೇಲೆ, ನಮ್ಮ ರಾಮ, ಕೃಷ್ಣರು ಪರದೆಯ ಮೇಲೆ ಯಾಕೆ ಬರಬಾರದು ಎಂಬ ಹುಚ್ಚು ಹಿಡಿಯಿತು. ಆಗ ಅವರಿಗೆ ನಲವತ್ತು ದಾಟಿತ್ತು. ಮನೆ ತುಂಬ ಮಕ್ಕಳು, ಕೈಯಲ್ಲಿ ನೌಕರಿ ಇಲ್ಲ. ವಿಮಾ ಪಾಲಿಸಿಯನ್ನು ಅಡವಿಟ್ಟು 1912ರಲ್ಲಿ ಲಂಡನ್ನಿಗೆ ಹೋಗಿ, ಕ್ಯಾಮೆರಾ ಮತ್ತು ಅದಕ್ಕೆ ಬೇಕಾದ ಉಪಕರಣಗಳನ್ನು ಗೊತ್ತುಮಾಡಿ ಬಂದರು.

ಬಂದವರು ನೇರವಾಗಿ 'ರಾಜಾ ಹರಿಶ್ಚಂದ್ರ'ಕ್ಕೆ ಕೈ ಹಾಕಲಿಲ್ಲ. ಕುಂಡದಲ್ಲಿ ಬಟಾಣಿ ಬೀಜ ಬಿತ್ತಿ, ಅದು ಮೊಳೆತು ಬಳ್ಳಿಯಾಗುವುದನ್ನು ದಿನದಿನವೂ ಚೂರುಚೂರೇ ಚಿತ್ರೀಕರಿಸಿ, ಒಂದು ನಿಮಿಷದಷ್ಟು ಚಿಕ್ಕ ಚಿತ್ರ ಮಾಡಿದರು. ಅದನ್ನು ಆಯ್ದ ಕೆಲವರಿಗೆ ಮಾತ್ರ ತೋರಿಸಿದರು. ಪರದೆಯ ಮೇಲೆ ಗಿಡ ಕಣ್ಣೆದುರೇ ಬೆಳೆಯುವುದನ್ನು ನೋಡಿ ಬೆರಗಾದವರು ಸಾಲ ಕೊಡಲು ಮುಂದೆ ಬಂದರು. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲೂ ದೊಡ್ಡ ವ್ಯವಸ್ಥೆಯೊಂದನ್ನು ಒಂದೇ ದಿನ ಎಲ್ಲರ ಮುಂದೆ ಇಡುವುದಿಲ್ಲ. ಚಿಕ್ಕದೊಂದು ಭಾಗ ಮಾಡಿ, ನಂಬಿಕೆಯ ಹತ್ತು ಜನರಿಗೆ ಕೊಟ್ಟು, ಅವರು ಎಲ್ಲಿ ಎಡವುತ್ತಾರೆ ಎಂದು ನೋಡುತ್ತೇವೆ. ಕವಿತೆಯ ವಿಷಯಕ್ಕೆ ಬಂದಾಗ ಮಾತ್ರ ಮೊದಲ ದಿನವೇ ಮಹಾಕಾವ್ಯ ಲೋಕಾರ್ಪಣೆಯಾಗಬೇಕು ಎಂದು ನಮಗೆ ನಾವೇ ಷರತ್ತು ಹಾಕಿಕೊಳ್ಳುತ್ತೇವೆ.

ಚಿತ್ರಕ್ಕೆ ನಟರನ್ನು ಹುಡುಕುವಾಗ ಫಾಲ್ಕೆಯವರಿಗೆ ನಿಜವಾದ ಭಯ ಎದುರಾಯಿತು. ತಾರಾಮತಿಯ ಪಾತ್ರಕ್ಕೆ ಯಾವ ಹೆಣ್ಣೂ ಒಪ್ಪಲಿಲ್ಲ. ಸೂಳೆಗೇರಿಯಲ್ಲಿ ಕೇಳಿದರೂ ಬರಲಿಲ್ಲ. ಸಿನಿಮಾದಲ್ಲಿ ಮುಖ ತೋರಿಸುವುದೆಂದರೆ ಆ ದಿನಗಳಲ್ಲಿ ಅಷ್ಟು ಕೀಳು. ಕೊನೆಗೆ ಊಟದ ಮನೆಯೊಂದರಲ್ಲಿ ಅಡುಗೆ ಮಾಡುತ್ತಿದ್ದ ಅಣ್ಣಾ ಸಾಳುಂಕೆ ಎಂಬ ಹುಡುಗ ಸೀರೆಯುಟ್ಟು ತಾರಾಮತಿಯಾದ. ಗಂಡಸರಿಗೂ ಮುಜುಗರ ತಪ್ಪಲಿಲ್ಲ. ಸಿನಿಮಾದಲ್ಲಿ ಕೆಲಸ ಎಂದರೆ ಜನ ಹೀಗಳೆಯುತ್ತಾರೆ, ಆದ್ದರಿಂದ ಯಾರಾದರೂ ಕೇಳಿದರೆ ಹರಿಶ್ಚಂದ್ರ ಎಂಬವರ ಫ್ಯಾಕ್ಟರಿಯಲ್ಲಿ ನೌಕರಿ ಎಂದು ಹೇಳಿ ಎಂದು ಫಾಲ್ಕೆ ತಮ್ಮವರಿಗೆ ಹೇಳಿಕೊಟ್ಟಿದ್ದರಂತೆ. 2009ರಲ್ಲಿ ಪರೇಶ್ ಮೊಕಾಶಿ ಮಾಡಿದ ಮರಾಠಿ ಚಿತ್ರ 'ಹರಿಶ್ಚಂದ್ರಾಚಿ ಫ್ಯಾಕ್ಟರಿ'ಗೆ ಹೆಸರು ಬಂದದ್ದು ಇಲ್ಲಿಂದ. ಸತ್ಯಹರಿಶ್ಚಂದ್ರನ ಚಿತ್ರ ಮಾಡುವವರಿಗೇ ಒಂದು ಚಿಕ್ಕ ಸುಳ್ಳಿನ ಆಸರೆ ಬೇಕಾಯಿತು. ಆಫೀಸಿನವರಿಗೆ ಗೊತ್ತಾಗದಂತೆ ಬೇರೆ ಹೆಸರಿನಲ್ಲಿ ಖಾತೆ ತೆರೆದು ಕಥೆ ಹಾಕುವ ಹುಡುಗ ಹುಡುಗಿಯರನ್ನು ಪುಕ್ಕಲರು ಎನ್ನುವ ಮೊದಲು ಈ ಫ್ಯಾಕ್ಟರಿಯನ್ನು ನೆನೆಯಬೇಕು.

ಚಿತ್ರ ಸಿದ್ಧವಾದ ಮೇಲೂ ಅವರು ಅದನ್ನು ಹಂತ ಹಂತವಾಗಿಯೇ ಹೊರಗೆ ಬಿಟ್ಟರು. 1913ರ ಏಪ್ರಿಲ್ 21ರಂದು ಮುಂಬೈಯ ಒಲಿಂಪಿಯಾ ಥಿಯೇಟರಿನಲ್ಲಿ ಆಹ್ವಾನಿತರಿಗೆ, ಮೇ 3ರಂದು ಕಾರೊನೇಶನ್‌ನಲ್ಲಿ ಸಾರ್ವಜನಿಕರಿಗೆ. ಅದು ಗೆದ್ದಿತು. ಆ ವರ್ಷವೇ ಫಾಲ್ಕೆ ತಮ್ಮ ಕಂಪನಿಯನ್ನು ನಾಸಿಕಕ್ಕೆ ತಂದರು. ನಾಸಿಕಕ್ಕೆ ಬಂದ ಮೇಲಿನ ಮೊದಲ ಚಿತ್ರ 'ಮೋಹಿನಿ ಭಸ್ಮಾಸುರ'ದಲ್ಲಿ, ಕೆಲವೇ ತಿಂಗಳ ಹಿಂದೆ ಯಾರೂ ದಾಟಲು ಒಪ್ಪದ ಗೆರೆಯನ್ನು ಒಬ್ಬ ತಾಯಿ ಮತ್ತು ಮಗಳು ದಾಟಿದರು. ದುರ್ಗಾಬಾಯಿ ಕಾಮತ್ ಪಾರ್ವತಿಯಾದರು, ಹದಿಹರೆಯಕ್ಕೆ ಕಾಲಿಡುತ್ತಿದ್ದ ಮಗಳು ಕಮಲಾಬಾಯಿ ಮೋಹಿನಿಯಾದಳು. ಕಮಲಾಬಾಯಿ ಗೋಖಲೆ ಮುಂದೆ ದಶಕಗಳ ಕಾಲ ರಂಗಭೂಮಿಯಲ್ಲೂ ಸಿನಿಮಾದಲ್ಲೂ ನಟಿಸಿದರು.

ಈ ತಾಯಿ ಮಗಳಿಗೆ ಭಯ ಇರಲಿಲ್ಲ ಎಂದು ತಿಳಿಯಬಾರದು. ಗಂಡನಿಂದ ಬೇರೆಯಾಗಿ, ಒಬ್ಬಳೇ ಮಗಳನ್ನು ಸಾಕುತ್ತಿದ್ದ ದುರ್ಗಾಬಾಯಿಗೆ ಸಮಾಜದ ಬಾಯಿ ಎಂಥದೆಂದು ಚೆನ್ನಾಗಿ ಗೊತ್ತಿತ್ತು. ಅದನ್ನು ಸಂಚಾರಿ ನಾಟಕ ಕಂಪನಿಗಳ ದಿನಗಳಲ್ಲೇ ಆಕೆ ಉಂಡಿದ್ದರು. ಪರದೆ ಹೊಸದು, ಬೈಗುಳ ಹಳೆಯದು. ಮೊದಲೇ ರಂಗದ ಮೇಲೆ ನಿಂತು ಅಭ್ಯಾಸವಿದ್ದವರಿಗೆ ಹೊಸ ಯಂತ್ರದೆದುರು ನಿಲ್ಲುವುದು ಇತರರಿಗಿಂತ ಸುಲಭವಾಗಿತ್ತು ಅಷ್ಟೇ. ಚಿಕ್ಕ ವೇದಿಕೆಗಳಲ್ಲಿ ನಿಂತ ರೂಢಿ ದೊಡ್ಡ ವೇದಿಕೆಯ ಭಯವನ್ನು ತಗ್ಗಿಸುತ್ತದೆ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕಿಲ್ಲ.

ಫಾಲ್ಕೆ ಮಾಡಿದ ಇನ್ನೊಂದು ಕೆಲಸವೂ ಗಮನಿಸುವಂಥದ್ದು. 1917ರ ಸುಮಾರಿಗೆ, ಸಿನಿಮಾ ಹೇಗೆ ತಯಾರಾಗುತ್ತದೆ ಎಂದು ತೋರಿಸುವ ಒಂದು ಚಿಕ್ಕ ಚಿತ್ರವನ್ನೇ ಮಾಡಿದರು. ಅದರಲ್ಲಿ ಅವರೇ ಕಾಣಿಸಿಕೊಂಡು ನಟರಿಗೆ ಹೇಳಿಕೊಡುತ್ತಾರೆ, ಫಿಲ್ಮಿನ ಸುರುಳಿಯನ್ನು ಪರೀಕ್ಷಿಸುತ್ತಾರೆ. ಕಸುಬಿನ ಗುಟ್ಟು ಬಿಟ್ಟುಕೊಟ್ಟರೆ ಕದಿಯುತ್ತಾರೆ ಎಂಬ ಭಯ ಅವರನ್ನು ಕಟ್ಟಿಹಾಕಲಿಲ್ಲ. ಕ್ಯಾಮೆರಾ ಆಯುಸ್ಸು ಹೀರುತ್ತದೆ ಎಂದು ನಂಬಿದ್ದ ಜನರಿಗೆ ಕ್ಯಾಮೆರಾದ ಹೊಟ್ಟೆಯನ್ನೇ ಬಿಚ್ಚಿ ತೋರಿಸಿದಂತಾಯಿತು.

ನಾಸಿಕದಿಂದ ಹೊಳೆಯ ಜಾಡು ಹಿಡಿದು ಕೆಳಕ್ಕೆ ಬಂದರೆ ಸಂಭಾಜಿನಗರ ಜಿಲ್ಲೆಯ ಪೈಠಣ. ಪೇಟೆಯಿಂದ ಐವತ್ತು ಕಿಲೊಮೀಟರ್ ತೆಂಕಣಕ್ಕಿರುವ ಈ ಊರು ಸಾತವಾಹನರ ಪ್ರತಿಷ್ಠಾನ. ಆ ವಂಶದ ಹಾಲರಾಜನ ಹೆಸರಿನಲ್ಲಿ ನಮಗೆ ಬಂದಿರುವ 'ಗಾಥಾಸಪ್ತಶತಿ' ಪ್ರಾಕೃತದಲ್ಲಿದೆ. ಎರಡೆರಡು ಸಾಲಿನ ಏಳು ನೂರು ಪದ್ಯಗಳು. ದೇವರ ಕಥೆಯಿಲ್ಲ, ರಾಜರ ಯುದ್ಧವಿಲ್ಲ. ಹೊಲ ಕಾಯುವ ಹುಡುಗಿ, ಊರಿಗೆ ಹೋದ ಗಂಡನ ದಾರಿ ನೋಡುವ ಹೆಂಡತಿ, ಅತ್ತೆಯ ಕಣ್ಣು ತಪ್ಪಿಸುವ ಸೊಸೆ, ಮಳೆಗೆ ಸೋರುವ ಮನೆ, ಇಂಥವೇ ಅದರ ತುಂಬ. ಬರೆದವರು ಅನೇಕರು, ಹೆಂಗಸರೂ ಸೇರಿದಂತೆ. ಕೋಟಿ ಗಾಥೆಗಳಿಂದ ಇವಿಷ್ಟನ್ನು ಆಯ್ದದ್ದು ಎಂದು ಪುಸ್ತಕವೇ ಹೇಳಿಕೊಳ್ಳುತ್ತದೆ. ಕೋಟಿ ಎನ್ನುವುದು ಕವಿಯ ಲೆಕ್ಕ ಇರಬಹುದು. ಆದರೂ ಬಾಯಿಂದ ಬಾಯಿಗೆ ಹರಿದ ಸಾವಿರಾರು ಪುಟ್ಟ ಪದ್ಯಗಳು ಮೊದಲು ಇದ್ದದ್ದರಿಂದಲೇ ಒಳ್ಳೆಯ ಏಳು ನೂರು ಸಿಕ್ಕವು. ಉಳಿದವನ್ನು ಹೇಳಿದವರಿಗೆ ಅವಮಾನವೇನೂ ಆದಂತಿಲ್ಲ, ಅವು ತಮ್ಮ ಪಾಡಿಗೆ ಮರೆತುಹೋದವು.

ಅದರಲ್ಲಿ ನಮ್ಮ ಪಾಲೂ ಇದೆ. ಗಾಥಾಸಪ್ತಶತಿಯ ಪ್ರಾಕೃತದಲ್ಲಿ ಕನ್ನಡದ ಮಾತುಗಳು ಬೆರೆತಿವೆ ಎಂದು ಮಂಜೇಶ್ವರದ ಗೋವಿಂದ ಪೈಗಳು ಎತ್ತಿ ತೋರಿಸಿದ್ದರು. 'ತುಪ್ಪ' ಅವುಗಳಲ್ಲಿ ಒಂದು. ಪೈಠಣದ ಯಾವುದೋ ಮನೆಯ ಅಡುಗೆಮನೆಯಲ್ಲಿ ಇದ್ದ ಮಾತು ಯಾರೋ ಹೇಳಿದ ಗಾಥೆಯೊಳಗೆ ಸೇರಿ, ಇಂದಿಗೂ ನಮ್ಮ ತಟ್ಟೆಯಲ್ಲಿ ಅದೇ ಹೆಸರಿನಲ್ಲಿದೆ. ಆ ಗಾಥೆ ಹೇಳಿದವರು ಬಾಯಿ ಮುಚ್ಚಿಕೊಂಡಿದ್ದರೆ ಈ ಸಾಕ್ಷ್ಯ ನಮಗೆ ಸಿಗುತ್ತಿರಲಿಲ್ಲ.

ಅದೇ ಪೈಠಣದಲ್ಲಿ ಹದಿನಾರನೆಯ ಶತಮಾನದಲ್ಲಿ ಏಕನಾಥರು ಬದುಕಿದ್ದರು. ಭಾಗವತದ ಹನ್ನೊಂದನೆಯ ಸ್ಕಂಧಕ್ಕೆ ಮರಾಠಿಯಲ್ಲಿ ಟೀಕೆ ಬರೆಯಲು ಶುರುಮಾಡಿ, ಅದನ್ನು 1573ರಲ್ಲಿ ಕಾಶಿಯಲ್ಲಿ ಮುಗಿಸಿದರು. ಆಡುಮಾತಿನಲ್ಲಿ ಶಾಸ್ತ್ರ ಬರೆದದ್ದಕ್ಕೆ ಪಂಡಿತರು ಕೆರಳಿದರೆಂದು ಐತಿಹ್ಯ. ಸಂಸ್ಕೃತ ದೇವರು ಮಾಡಿದ್ದಾದರೆ ನಮ್ಮ ಮಾತು ಕಳ್ಳರು ಮಾಡಿದ್ದೇ ಎಂಬರ್ಥದ ಅವರ ಪ್ರಶ್ನೆ ಮಹಾರಾಷ್ಟ್ರದಲ್ಲಿ ಇವತ್ತಿಗೂ ಪ್ರಸಿದ್ಧ. ಏಕನಾಥರು ಭಾರೂಡಗಳನ್ನೂ ಬರೆದರು. ಅವುಗಳಲ್ಲಿ ಮಾತಾಡುವವರು ಭಿಕ್ಷುಕರು, ಜೋಯಿಸರು, ಭೂತ ಬಿಡಿಸುವವರು, ಸಂತೆಯ ಜನ. ದೊಡ್ಡ ಗ್ರಂಥ ಬರೆದ ಪಂಡಿತ ಬೀದಿಯ ವೇಷ ಹಾಕಲು ನಾಚಲಿಲ್ಲ.

ಅವರ ಬಗ್ಗೆ ಪೈಠಣದಲ್ಲಿ ಹೇಳುವ ಒಂದು ಕಥೆ ಈ ಕಾಲಕ್ಕೆ ವಿಚಿತ್ರವಾಗಿ ಹೊಂದುತ್ತದೆ. ಏಕನಾಥರು ಗೋದಾವರಿಯಲ್ಲಿ ಮಿಂದು ಮನೆಗೆ ಬರುವ ದಾರಿಯಲ್ಲಿ ಒಬ್ಬ ಮೈಮೇಲೆ ಉಗುಳಿದನಂತೆ. ಇವರು ತಿರುಗಿ ಹೋಗಿ ಮಿಂದು ಬಂದರು. ಆತ ಮತ್ತೆ ಉಗುಳಿದ. ಹೀಗೆ ನೂರೆಂಟು ಸಲ ನಡೆಯಿತಂತೆ. ಕೊನೆಗೆ ದಣಿದದ್ದು ಉಗುಳುವವನು. ಒಂದೇ ದಿನ ಇಷ್ಟು ಸ್ನಾನದ ಪುಣ್ಯ ಕೊಡಿಸಿದೆ ಎಂದು ಏಕನಾಥರು ಅವನಿಗೇ ಕೈಮುಗಿದರು ಎಂಬಲ್ಲಿಗೆ ಕಥೆ ಮುಗಿಯುತ್ತದೆ.

ಟ್ರೋಲ್‌ಗಳನ್ನು ಸಹಿಸಿಕೊಳ್ಳಿ ಎಂಬ ಉಪದೇಶಕ್ಕೆ ಈ ಕಥೆಯನ್ನು ಬಳಸುವವರಿದ್ದಾರೆ. ನನಗದು ಪೂರ್ತಿ ಒಪ್ಪಿಗೆಯಿಲ್ಲ. ಕವಿತೆ ಹಾಕಿದ ತಪ್ಪಿಗೆ ಅತ್ಯಾಚಾರದ ಬೆದರಿಕೆ ಬರುವ ಹೆಣ್ಣುಮಗಳಿಗೆ ನೂರೆಂಟು ಸಲ ಸ್ನಾನ ಮಾಡು ಎಂದು ಹೇಳುವುದು ಕ್ರೂರ. ಅಲ್ಲಿ ಬ್ಲಾಕ್ ಮಾಡಬೇಕು, ಸಾಕ್ಷ್ಯ ಉಳಿಸಿಕೊಳ್ಳಬೇಕು, ಪೊಲೀಸರಿಗೆ ದೂರು ಕೊಡಬೇಕು. ಏಕನಾಥರಿಗೆ ಬ್ಲಾಕ್ ಬಟನ್ ಇರಲಿಲ್ಲ, ನಮಗಿದೆ. ಕಥೆಯಿಂದ ನಾನು ತೆಗೆದುಕೊಳ್ಳುವುದು ಬೇರೆ ಒಂದನ್ನು. ಅವರು ಹೊಳೆಗೆ ಹೋಗುವ ದಾರಿ ಬದಲಿಸಲಿಲ್ಲ, ಉಗುಳಿದವನ ಜೊತೆ ವಾದಕ್ಕೂ ನಿಲ್ಲಲಿಲ್ಲ. ಆ ದಿನದ ಅವರ ಕೆಲಸ ಏನೆಂದು ಅವರಿಗೆ ಗೊತ್ತಿತ್ತು. ಕಮೆಂಟಿಗೆ ಉತ್ತರ ಬರೆಯುತ್ತ ಕೂತು ಎರಡು ಸಂಜೆ ಕಳೆದರೆ ಆ ಎರಡು ಸಂಜೆಗಳಲ್ಲಿ ಬರೆಯಬೇಕಿದ್ದದ್ದು ಉಳಿದೇ ಹೋಗುತ್ತದೆ.

ಕದಿಯುತ್ತಾರೆ, ತಿರುಚುತ್ತಾರೆ ಎಂಬ ಭಯಕ್ಕೂ ಏಕನಾಥರಲ್ಲೇ ಉತ್ತರವಿದೆ. ಜ್ಞಾನೇಶ್ವರರು 1290ರಲ್ಲಿ ನೇವಾಸೆಯಲ್ಲಿ ರಚಿಸಿದ 'ಜ್ಞಾನೇಶ್ವರಿ' ಮುನ್ನೂರು ವರ್ಷ ಕೈಬರಹದಲ್ಲಿ ಊರೂರು ಸುತ್ತಿ, ನಕಲು ಮಾಡಿದವರೆಲ್ಲ ತಮ್ಮ ತಮ್ಮ ಓವಿಗಳನ್ನು ಸೇರಿಸಿ, ಪಾಠ ಕೆಟ್ಟಿತ್ತು. ಏಕನಾಥರು ಪ್ರತಿಗಳನ್ನು ಹೋಲಿಸಿ ನೋಡಿ 1584ರಲ್ಲಿ ಶುದ್ಧಪಾಠ ಸಿದ್ಧಪಡಿಸಿದರು. ಇದರಲ್ಲಿ ಸ್ವಂತ ಪದ್ಯ ತುರುಕುವುದು ಅಮೃತದ ತಟ್ಟೆಯಲ್ಲಿ ತೆಂಗಿನ ಕರಟ ಇಟ್ಟಂತೆ ಎಂಬ ಎಚ್ಚರಿಕೆಯನ್ನೂ ಕೊನೆಗೆ ಸೇರಿಸಿದರು. ಹಕ್ಕುಸ್ವಾಮ್ಯದ ಕಾಯಿದೆ ಹುಟ್ಟುವ ಎಷ್ಟೋ ಮೊದಲಿನ ಹಕ್ಕುಸ್ವಾಮ್ಯದ ಫಲಕ ಇದು. ಇಲ್ಲಿ ಎರಡು ಸಂಗತಿ ಕಾಣುತ್ತದೆ. ಜನರ ಬಾಯಿಗೆ ಬಿದ್ದ ಕೃತಿ ಕೆಡುವುದು ನಿಜ. ಅದು ಜನರ ಬಾಯಿಗೆ ಬಿದ್ದಿದ್ದರಿಂದಲೇ ಮುನ್ನೂರು ವರ್ಷದ ಮೇಲೂ ಶುದ್ಧಗೊಳಿಸಲು ಪ್ರತಿಗಳು ಸಿಕ್ಕವು ಎಂಬುದೂ ನಿಜ. ನಮ್ಮ ಮಟ್ಟಿಗೆ ಪಾಠ ಸರಳ. ಮೂಲಪ್ರತಿಯನ್ನು ದಿನಾಂಕ ಸಮೇತ ನಮ್ಮ ಬಳಿ ಇಟ್ಟುಕೊಳ್ಳಬೇಕು, ಹೆಸರು ಹಾಕಬೇಕು, ಆಮೇಲೆ ಬಿಟ್ಟುಕೊಡಬೇಕು.

ಬಚ್ಚಿಟ್ಟರೆ ಕ್ಷೇಮ ಎನ್ನುವವರು ಒಮ್ಮೆ ಅಜಂತಾಕ್ಕೆ ಹೋಗಿ ಬರಬೇಕು. ಆ ಗುಹೆಗಳು ಹೊರಜಗತ್ತಿನ ಕಣ್ಣಿಗೆ ಬೀಳದೆ ಶತಮಾನಗಳ ಕಾಲ ಕಾಡಿನಲ್ಲಿ ಮುಚ್ಚಿಹೋಗಿದ್ದವು. 1819ರ ಏಪ್ರಿಲ್ 28ರಂದು ಬೇಟೆಗೆ ಬಂದ ಜಾನ್ ಸ್ಮಿತ್ ಎಂಬ ಬ್ರಿಟಿಷ್ ಅಧಿಕಾರಿ ಹತ್ತನೆಯ ಗುಹೆಯೊಳಗೆ ಹೊಕ್ಕು, ಅಲ್ಲಿದ್ದ ಚಿತ್ರದ ಮೇಲೆಯೇ ತನ್ನ ಹೆಸರನ್ನೂ ತಾರೀಖನ್ನೂ ಗೀಚಿದ. ಚಿತ್ರ ಬರೆದವರ ಹೆಸರು ಯಾರಿಗೂ ತಿಳಿಯದು, ಗೀಚಿದವನ ಹೆಸರು ಎಲ್ಲರಿಗೂ ಗೊತ್ತು. ಗೋಡೆ ಎಂದ ಮೇಲೆ ಗೀಚುವವರು ಇದ್ದೇ ಇರುತ್ತಾರೆ, ಕಾಡಿನ ನಡುವಿನ ಗೋಡೆಯಾದರೂ ಸರಿ. ಆಮೇಲೆ ರಾಬರ್ಟ್ ಗಿಲ್ ವರ್ಷಗಟ್ಟಲೆ ಅಲ್ಲಿ ಕೂತು ಪ್ರತಿ ತೆಗೆದ ಚಿತ್ರಗಳಲ್ಲಿ ಹೆಚ್ಚಿನವು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್ಸಿನ ಬೆಂಕಿಗೆ ಸಿಕ್ಕಿದವು. ಜಾನ್ ಗ್ರಿಫಿತ್ಸ್ ಮುಂಬೈಯ ಕಲಾಶಾಲೆಯ ವಿದ್ಯಾರ್ಥಿಗಳೊಂದಿಗೆ ಮಾಡಿದ ಪ್ರತಿಗಳಲ್ಲೂ ಬಹಳಷ್ಟು 1885ರ ಇನ್ನೊಂದು ಬೆಂಕಿಯಲ್ಲಿ ಹೋದವು. ಗೋಡೆಯ ಮೇಲಿದ್ದದ್ದು ಸೀಲಿಗೆ ಉದುರುತ್ತಿತ್ತು, ಪೆಟ್ಟಿಗೆಯಲ್ಲಿಟ್ಟದ್ದು ಸುಟ್ಟಿತು. ಪುಸ್ತಕವಾಗಿ ಅಚ್ಚಾಗಿ ಹತ್ತು ಕಡೆ ಹಂಚಿಹೋದದ್ದು ಉಳಿಯಿತು.

ಅಜಂತಾದ ಪ್ರತಿ ತೆಗೆಯಲು 1910ರ ಸುಮಾರಿಗೆ ಲೇಡಿ ಹೆರಿಂಗ್‌ಹ್ಯಾಮ್ ತಂದ ತಂಡದಲ್ಲಿ ನಂದಲಾಲ್ ಬೋಸರ ಜೊತೆ ನಮ್ಮ ಕೆ. ವೆಂಕಟಪ್ಪನವರೂ ಇದ್ದರು. ವೆಂಕಟಪ್ಪನವರದು ಒಂಟಿ ಬದುಕು, ತಮ್ಮ ಚಿತ್ರಗಳನ್ನು ಮಾರುವ ಮನಸ್ಸೂ ಅವರಿಗಿರಲಿಲ್ಲ. ಇವತ್ತು ಬೆಂಗಳೂರಿನ ಕಸ್ತೂರ್ಬಾ ರಸ್ತೆಯಲ್ಲಿ ಅವರ ಹೆಸರಿನ ಚಿತ್ರಶಾಲೆಯಲ್ಲಿ ಅವರ ನೀಲಗಿರಿಯ ಮಂಜನ್ನು ಯಾರು ಬೇಕಾದರೂ ನೋಡಬಹುದು. ತೋರಿಸದಿರುವುದೂ ಒಂದು ಘನತೆಯ ಆಯ್ಕೆಯೇ, ಆದರೆ ಅದು ಆಯ್ಕೆಯಾಗಿರಬೇಕು. ವೆಂಕಟಪ್ಪನವರು ದಿನವೂ ಕೆಲಸ ಮಾಡಿದರು, ತಮ್ಮ ಷರತ್ತಿನ ಮೇಲೆ ಸಂತೆಯಿಂದ ದೂರ ನಿಂತರು. ಭಯದಿಂದ ತೋರಿಸದವರು ಬಹಳ ಸಲ ಕೆಲಸವನ್ನೂ ನಿಲ್ಲಿಸಿಬಿಡುತ್ತಾರೆ. ಎರಡನ್ನೂ ಒಂದೇ ಎಂದು ನಮ್ಮನ್ನು ನಾವು ಸಮಾಧಾನ ಮಾಡಿಕೊಳ್ಳಬಾರದು.

ಎಲ್ಲೋರಾದ ಕೈಲಾಸ ದೇಗುಲ ಇನ್ನೊಂದು ಬಗೆಯ ಭಯವನ್ನು ತಿಳಿಸುತ್ತದೆ. ರಾಷ್ಟ್ರಕೂಟರ ಒಂದನೆಯ ಕೃಷ್ಣ ಎಂಟನೆಯ ಶತಮಾನದಲ್ಲಿ ಕೊರೆಯಿಸಿದ್ದು. ಒಂದೇ ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದು ದೇಗುಲ ಮಾಡಿದ್ದಾರೆ, ಒಮ್ಮೆ ಉಳಿ ತಪ್ಪಿದರೆ ಅಂಟಿಸಲು ಬರುವುದಿಲ್ಲ. ಬರೋಡಾದಲ್ಲಿ ಸಿಕ್ಕ, ಒಂಬತ್ತನೆಯ ಶತಮಾನದ ಆರಂಭದ ಒಂದು ರಾಷ್ಟ್ರಕೂಟ ತಾಮ್ರಪಟ ಈ ಗುಡಿಯನ್ನು ಹೊಗಳುತ್ತ, ಅದನ್ನು ಮಾಡಿದ ಶಿಲ್ಪಿಯೇ ಕೊನೆಗೆ ಬೆರಗಾಗಿ, ಇದನ್ನು ನಾನು ಹೇಗೆ ಮಾಡಿದೆನೋ, ಇನ್ನೊಮ್ಮೆ ಇಂಥದ್ದು ನನ್ನಿಂದಾಗದು ಎಂದುಕೊಂಡನೆಂದು ಬಣ್ಣಿಸುತ್ತದೆ. ಒಂದು ಬರಹ ಚೆನ್ನಾಗಿ ಓಡಿದ ಮೇಲೆ ಮುಂದಿನದನ್ನು ಹಾಕಲಾರದೆ ಒದ್ದಾಡುವವರನ್ನು ನೋಡಿದಾಗ ನನಗೆ ಆ ಶಿಲ್ಪಿಯ ನೆನಪಾಗುತ್ತದೆ. ಸೋಲಿನ ಭಯಕ್ಕಿಂತ ಗೆಲುವಿನ ಆಚೆಯ ಭಯ ಗಟ್ಟಿ. ಆದರೆ ಕೈಲಾಸದ ಆಮೇಲೂ ಎಲ್ಲೋರಾದಲ್ಲಿ ಉಳಿಯ ಸದ್ದು ನಿಲ್ಲಲಿಲ್ಲ. ಜೈನ ಗುಹೆಗಳು ಬಂದವು, ಕೈಲಾಸದ್ದೇ ಪುಟ್ಟ ಪ್ರತಿರೂಪದಂಥ ಛೋಟಾ ಕೈಲಾಸವೂ ಬಂತು. ಅದು ದೊಡ್ಡದರಷ್ಟು ಚೆಲುವಲ್ಲ. ಇರಲಿ, ಕಡಿದವರು ಕಡಿದರು.

ಹೆಸರಿನ ಮಾತಿಗೆ ಬಂದರೆ ನಾಸಿಕದಲ್ಲೇ ಒಳ್ಳೆಯ ಉದಾಹರಣೆಯಿದೆ. ವಿಷ್ಣು ವಾಮನ ಶಿರವಾಡಕರ ಎಂಬುವರು 'ಕುಸುಮಾಗ್ರಜ' ಎಂಬ ಹೆಸರಿನಲ್ಲಿ ಕವಿತೆ ಬರೆದರು. ಅವರ 'ವಿಶಾಖಾ' ಸಂಕಲನವನ್ನು 1942ರಲ್ಲಿ ಕಾದಂಬರಿಕಾರ ವಿ.ಸ. ಖಾಂಡೇಕರರು ಮೆಚ್ಚಿ ತಾವೇ ಪ್ರಕಟಿಸಿದರು. 1987ರ ಸಾಲಿನ ಜ್ಞಾನಪೀಠ ಅವರಿಗೆ ಬಂತು, ಅವರ ಹುಟ್ಟುಹಬ್ಬವಾದ ಫೆಬ್ರುವರಿ 27ನ್ನು ಮರಾಠಿಗರು ಭಾಷಾದಿನವಾಗಿ ಆಚರಿಸುತ್ತಾರೆ. ಈ ನಾಡಿನ ಮಾತು ಮನೆಮಾತಾಗಿದ್ದ ಒಬ್ಬರು ಅತ್ತ ಧಾರವಾಡದಲ್ಲಿ ಕನ್ನಡದ ಕವಿಯಾದರು. ದ.ರಾ. ಬೇಂದ್ರೆ 'ಅಂಬಿಕಾತನಯದತ್ತ'ರಾಗಿ ಬರೆದರು. ಲೋಕವ್ಯವಹಾರದ ಬೇಂದ್ರೆ ಬೇರೆ, ಹಾಡುವ ದತ್ತ ಬೇರೆ. ಅವರ ಬೆನ್ನಿಗೆ 'ಗೆಳೆಯರ ಗುಂಪು' ಇತ್ತು, ಮೊದಲ ಕೇಳುಗರು ಅವರೇ. ಈ ಇಬ್ಬರಿಗೂ ಕಾವ್ಯನಾಮ ಅಡಗುವ ಬಿಲವಾಗಿರಲಿಲ್ಲ, ಮನೆಯ ಮುಂದಿನ ಜಗಲಿಯಂತಿತ್ತು. ಒಳಗಿನ ಮನುಷ್ಯನಿಗೂ ಬೀದಿಗೂ ನಡುವೆ ಸ್ವಲ್ಪ ಜಾಗ ಬಿಟ್ಟುಕೊಡುತ್ತಿತ್ತು.

ಇಷ್ಟೆಲ್ಲ ಹೇಳಿ, ಹೊರಗೆ ಬಂದರೆ ಎಲ್ಲವೂ ಒಳ್ಳೆಯದಾಗುತ್ತದೆ ಎಂದು ಸುಳ್ಳು ಭರವಸೆ ಕೊಡಲಾರೆ. ಫಾಲ್ಕೆಯವರ ಕೊನೆಯ ವರ್ಷಗಳು ಸುಖದ್ದಲ್ಲ. ಪಾಲುದಾರರೊಡನೆ ಒಗ್ಗದೆ ಕಂಪನಿ ಬಿಟ್ಟು ಕಾಶಿಗೆ ಹೋದರು, ಅಲ್ಲಿ 'ರಂಗಭೂಮಿ' ಎಂಬ ನಾಟಕ ಬರೆದರು, ಮರಳಿ ಬಂದರು. ಅಷ್ಟರಲ್ಲಿ ಸಿನಿಮಾಕ್ಕೆ ಮಾತು ಬಂತು. 1937ರ 'ಗಂಗಾವತರಣ' ಅವರ ಕೊನೆಯ ಚಿತ್ರ. 1944ರ ಫೆಬ್ರುವರಿ 16ರಂದು ನಾಸಿಕದಲ್ಲಿ ತೀರಿಕೊಂಡಾಗ ತಾನು ಹುಟ್ಟಿಸಿದ ಉದ್ಯಮಕ್ಕೆ ಅವರು ಹೆಚ್ಚುಕಡಿಮೆ ಮರೆತುಹೋಗಿದ್ದರು. ಅವರ ಹೆಸರಿನ ಪ್ರಶಸ್ತಿ ಶುರುವಾದದ್ದು 1969ರಲ್ಲಿ. ಅದು 1995ರ ಸಾಲಿಗೆ ನಮ್ಮ ರಾಜಕುಮಾರ್ ಅವರಿಗೂ, 2008ರ ಸಾಲಿಗೆ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರಿಗೂ ಬಂತು. ಮಾಧ್ಯಮ ತನ್ನನ್ನು ಮೊದಲು ಹಿಡಿದವರ ಋಣ ತೀರಿಸುತ್ತದೆ ಎಂದು ನಂಬಿ ಇಳಿಯುವುದು ಸಲ್ಲ. ಜಾಲತಾಣಕ್ಕೂ ಅದೇ ಮಾತು. ಇಂದು ನಿಮ್ಮ ಹಾಡನ್ನು ಲಕ್ಷ ಜನರಿಗೆ ಮುಟ್ಟಿಸಿದ ಲೆಕ್ಕಾಚಾರ ನಾಳೆ ಕಾರಣ ಹೇಳದೆ ಹತ್ತು ಜನರಿಗೆ ನಿಲ್ಲಿಸಬಹುದು. ಆ ಲೆಕ್ಕಾಚಾರ ಬರೆಯುವವರ ಕಸುಬು ನನ್ನದೂ ಆದ್ದರಿಂದ ಹೇಳುತ್ತೇನೆ, ಅದಕ್ಕೆ ನಿಮ್ಮ ಪದ್ಯದ ಗುಣ ಗೊತ್ತಿಲ್ಲ. ಎಷ್ಟು ಹೊತ್ತು ಜನ ಪರದೆ ಬಿಡದೆ ಕೂತರು ಎಂಬುದಷ್ಟೇ ಅದು ಎಣಿಸುವ ಕಾಸು.

ಹಾಗಾದರೆ ಯಾಕೆ ಹಾಕಬೇಕು? ಇದಕ್ಕೆ ನನಗೆ ಕಂಡ ಉತ್ತರ 'ಕವಿರಾಜಮಾರ್ಗ'ದಲ್ಲಿದೆ. ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಮಳಖೇಡದ ಆಸ್ಥಾನದಲ್ಲಿ, ಶ್ರೀವಿಜಯ ಅದನ್ನು ಬರೆದ. ಕನ್ನಡದ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಅದು ಗೆರೆ ಎಳೆಯುತ್ತದೆ. ಗೋದಾವರಿ ಎಂದರೆ ಇದೇ, ನಾಸಿಕದ ರಾಮಕುಂಡದಲ್ಲಿ ಕುಂಭಮೇಳದ ಜನ ಮುಳುಗೇಳುವ ಈ ನೀರೇ. ನೆಲದ ಹಕ್ಕಿನ ಮಾತಿಗೆ ಇದನ್ನು ಎಳೆಯುವುದು ಬೇಡ. ಇಲ್ಲಿಯ ಮಾತು ಮರಾಠಿ, ಅದರ ಅನ್ನ ಉಣ್ಣುತ್ತಿದ್ದೇವೆ. ಆದರೆ ಆ ಗೆರೆಯನ್ನು ಎಳೆದ ಮೇಲೆ ಶ್ರೀವಿಜಯ ಆ ನಾಡಿನ ಜನರ ಬಗ್ಗೆ ಹೇಳುವುದು ಮುಖ್ಯ. ಓದಿ ಪಳಗದಿದ್ದರೂ ಇವರಿಗೆ ಕಾವ್ಯ ಕೈಗೂಡುತ್ತದೆ, ಎಲ್ಲರೂ ತಂತಮ್ಮ ಮಾತಿನಲ್ಲಿ ಜಾಣರು ಎನ್ನುತ್ತಾನೆ. ಲಕ್ಷಣಗ್ರಂಥ ಬರೆಯಲು ಕೂತ ಪಂಡಿತ, ತಪ್ಪುಒಪ್ಪುಗಳ ಪಟ್ಟಿ ಕೊಡುವ ಮೊದಲು, ಕವಿಯಾಗಲು ಯಾರ ಪರವಾನಗಿಯೂ ಬೇಡ ಎಂದು ಹೇಳಿಬಿಡುತ್ತಾನೆ. ಅ ಮೇಲೆ ಇನ್ನೊಂದೆಡೆ, ಬೇರೆಯವರ ವಿಚಾರವನ್ನೂ ಧರ್ಮವನ್ನೂ ಸೈರಿಸುವುದೇ ನಿಜವಾದ ಹೊನ್ನು ಎನ್ನುತ್ತಾನೆ. ಬರೆಯುವವನಿಗೆ ಧೈರ್ಯ, ಓದುವವನಿಗೆ ಸೈರಣೆ. ಕಮೆಂಟು ಬರೆಯುವ ನಾವೆಲ್ಲರೂ ಈ ಎರಡನೆಯದಕ್ಕೂ ಬಾಧ್ಯರು.

ಅದೇ ಪುಸ್ತಕದಲ್ಲಿ ಶ್ರೀವಿಜಯ ತನಗಿಂತ ಹಿಂದಿನ ಕನ್ನಡ ಕವಿಗಳನ್ನು ನೆನೆಯುತ್ತಾನೆ. ವಿಮಳ, ಉದಯ, ನಾಗಾರ್ಜುನ, ಜಯಬಂಧು, ಕವೀಶ್ವರ, ಲೋಕಪಾಲ, ಹೀಗೆ. ಇವರು ಏನು ಬರೆದರೋ, ಒಂದು ಪುಸ್ತಕವೂ ನಮ್ಮವರೆಗೆ ಬರಲಿಲ್ಲ. ಓಲೆ ಹುಳು ತಿಂದಿತೋ, ನೀರು ಕುಡಿಯಿತೋ. ಇಷ್ಟಾದರೂ ಹೆಸರುಗಳು ಉಳಿದದ್ದು, ಅವರ ಬರಹವನ್ನು ಯಾರೋ ಒಬ್ಬ ಓದಿದ್ದರಿಂದ, ಓದಿದವನು ತನ್ನ ಪುಸ್ತಕದಲ್ಲಿ ಹೇಳಿದ್ದರಿಂದ. ನಾವು ಹಾಕುವ ಪದ್ಯಕ್ಕೂ ಬೇಕಾದದ್ದು ಅಂಥ ಒಬ್ಬ ಓದುಗ. ಅವನು ಪುಣೆಯಲ್ಲೋ ಸೊಲ್ಲಾಪುರದಲ್ಲೋ, ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಕೂತು ಫೋನು ತೆರೆಯುತ್ತಾನೆ. ಅವನಿಗೂ ಸುತ್ತ ಕನ್ನಡ ಕೇಳಿ ಎಷ್ಟೋ ದಿನವಾಗಿರುತ್ತದೆ. ಮೊದಲು ಒಂದು ಚಿಕ್ಕದನ್ನು, ಬಟಾಣಿ ಬಳ್ಳಿಯಷ್ಟು ಚಿಕ್ಕದನ್ನು, ಅವನಿಗಾಗಿ ಹಾಕಬಹುದು.